ಅರ್ಧ ಸುಲಿದ ಬಟಾಟೆ

ಕೊಲ್ಲಿ ನಾಡಿನ ಹೂರಾದ ಆ ಕಟ್ಟಡದ ಲಿಫ್ಟಿನಲ್ಲಿ ನಾಲ್ಕು ಜನ ಹಿಡಿಸುತ್ತಾರೆ ಎಂದು ಬರೆದಿದ್ದರು. ನಾಲ್ವರೂ ಹತ್ತಿರದ ಸಂಬಂಧಿಗಳಾಗಿದ್ದು, ಯಾರೂ ಉಸಿರು ಬಿಡದೆ ನಿಂತರೆ ಅದು ನಿಜ. ಅಂದು ತಂದ ದೊಡ್ಡ ಚಿತ್ರವಂತೂ ಅದರೊಳಗೆ ಹಿಡಿಸಲಿಲ್ಲ. ಹಾಗಾಗಿ ಫ್ರೇಮ್ ಅಂಗಡಿಯ ಮೊಯ್ದು ಬ್ಯಾರಿ ಒಂದು ತುದಿ, ಪೆಟ್ರೊನಿಲ್ಲಾ ಇನ್ನೊಂದು ತುದಿ ಹಿಡಿದು ಮೂರು ಮಹಡಿ ಮೆಟ್ಟಿಲು ಹತ್ತಿದರು. ಗಂಡ ಹ್ಯೂಬರ್ಟ್ ಮೇಲೆ ಮನೆಯ ಬಾಗಿಲು ಹಿಡಿದುಕೊಂಡು ನಿಂತಿದ್ದ. ಬಾಗಿಲು ಹಿಡಿಯುವುದೂ ಒಂದು ಕೆಲಸವೇ ಎಂಬುದು ಅವನ ಮುಖದಲ್ಲಿ ಕಾಣುತ್ತಿತ್ತು.

“ಸ್ವಲ್ಪ ಎಡಕ್ಕೆ” ಎಂದ. “ಗೋಡೆ ನೋಡಿ ಮಾರಾಯ್ರೆ, ಡಿಪಾಸಿಟ್‌ನಿಂದ ಕಡಿತಾರೆ.”

“ಪೊರ್ಬುಗಳೇ, ನೀವು ಬಾಯಿಯಿಂದಲೇ ಹಿಡಿಯುದಾದರೆ ನಾವು ಇಬ್ಬರು ಯಾಕೆ ಬೇಕು?” ಎಂದ ಮೊಯ್ದು, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆಯೇ ಕರೆದು, ಏದುಸಿರಿನ ನಡುವೆ.

ಹಾಲಿನಲ್ಲಿ ಹೊದಿಕೆ ಬಿಚ್ಚಿದರು. ಮೂರಡಿ ಉದ್ದದ ತೈಲಚಿತ್ರ. ಸುತ್ತ ಕಪ್ಪು ಮರದ ಭಾರದ ಚೌಕಟ್ಟು. ಒಂದು ಅಡುಗೆಮನೆ, ಒಂದು ಕಿಟಕಿ, ಕಿಟಕಿಯ ಬೆಳಕಿಗೆ ಪಕ್ಕವಾಗಿ ಕುಳಿತ ಒಬ್ಬ ಹೆಂಗಸು. ತಲೆಗೆ ನೀಲಿ ವಸ್ತ್ರ. ಮೇಜಿನ ಮೇಲೆ ಬಿಳಿ ಬೋಗುಣಿ ತುಂಬ ಬಟಾಟೆ. ಒಂದನ್ನು ಅರ್ಧ ಸುಲಿದು ಬಿಟ್ಟಿದ್ದಾಳೆ, ಸಿಪ್ಪೆಯ ಸುರುಳಿ ಇನ್ನೂ ಅದಕ್ಕೇ ನೇತಾಡುತ್ತಿದೆ. ಚೂರಿ ಕೆಳಗಿಟ್ಟಿದ್ದಾಳೆ. ಎರಡೂ ಕೈ ಮಡಿಲಲ್ಲಿ. ಅವಳು ಏನನ್ನೂ ಮಾಡುತ್ತಿಲ್ಲ, ಏನನ್ನೂ ನೋಡುತ್ತಿಲ್ಲ. ಮೂಲೆಯಲ್ಲಿ ಸಣ್ಣ ಅಕ್ಷರದ ಸಹಿ, ಪಕ್ಕದಲ್ಲಿ ೧೯೩೪.

“ಕೆಲಸ ಅರ್ಧಕ್ಕೆ ಬಿಟ್ಟು ಕೂತಿದ್ದಾಳೆ” ಎಂದ ಹ್ಯೂಬರ್ಟ್. ಅವನಿಗೆ ಅಲ್ಲಿ ಕಂಡದ್ದು ಅಷ್ಟೇ.

“ಸೂಪರ್ ವೈಬ್” ಎಂದಳು ಮಗಳು ನತಾಶಾ. ಈಸಾ ಟೌನ್‌ನ ಶಾಲೆಯಲ್ಲಿ ಹನ್ನೊಂದನೇ ಕ್ಲಾಸು. ಪ್ರಪಂಚದ ಎಲ್ಲದಕ್ಕೂ ಅವಳಲ್ಲಿ ಎರಡೇ ತೀರ್ಪು. ಇದು ಅದರಲ್ಲಿ ಒಳ್ಳೆಯದು.

ಕಿನ್ನಿಗೋಳಿಯಿಂದ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದಿದ್ದ ಅತ್ತೆ ಕಾರ್ಮಿನ್ ಬಾಯಿ ಕನ್ನಡಕ ಏರಿಸಿ ಚಿತ್ರದ ಹತ್ತಿರ ಹೋಗಿ ತುಂಬ ಹೊತ್ತು ನೋಡಿದರು. ಆಮೇಲೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ ಒಳಗೆ ಹೋದರು. ಆಗಲೇ ಎಚ್ಚರವಾಗಬೇಕಿತ್ತು. ಆದರೆ ಪೆಟ್ರೊನಿಲ್ಲಾಳಿಗೆ ಅಂದು ಹನ್ನೆರಡು ಗಂಟೆ ಡ್ಯೂಟಿ ಆಗಿತ್ತು.

ಅವಳದ್ದು ರೋಗಿಗಳ ಮನೆಗೇ ನರ್ಸುಗಳನ್ನು ಕಳಿಸುವ ಕಂಪೆನಿಯ ಕೆಲಸ. ಹದಿನಾಲ್ಕು ತಿಂಗಳು ಸಾರ್ ಎಂಬ ಬಡಾವಣೆಯ ಒಂದು ವಿಲ್ಲಾದಲ್ಲಿ, ಮಗಳ ಜತೆ ಇದ್ದ ಮಿಸೆಸ್ ವಿಸ್ಸರ್ ಎಂಬ ಎಂಬತ್ತೊಂಬತ್ತರ ಡಚ್ ಅಜ್ಜಿಯನ್ನು ನೋಡಿಕೊಂಡಿದ್ದಳು. ಸಂಜೆ ನಾಲ್ಕಕ್ಕೆ ಆ ಮನೆಯಲ್ಲಿ ಚಹಾ. ಮೊದಲ ದಿನ ಅಜ್ಜಿಯ ಕೈಗೆ ಕಪ್ಪು ಕೊಟ್ಟು ಪಕ್ಕಕ್ಕೆ ನಿಂತವಳಿಗೆ ಅಜ್ಜಿ ಈ ಚಿತ್ರ ತೋರಿಸಿ, “ಸಿಸ್ಟರ್, ಅವಳೂ ಕೂತಿದ್ದಾಳೆ. ನೀನೂ ಕೂತುಕೋ” ಎಂದಿದ್ದಳು. ಇಪ್ಪತ್ತೆರಡು ವರ್ಷದ ನರ್ಸ್ ಕೆಲಸದಲ್ಲಿ ಎತ್ತು ಎಂದವರಿದ್ದರು, ತಿರುಗಿಸು ಎಂದವರಿದ್ದರು, ಬೇಗ ಬಾ ಎಂದವರಂತೂ ಲೆಕ್ಕವಿಲ್ಲ. ಕೂತುಕೋ ಎಂದವರು ಇವಳೊಬ್ಬಳೇ. ಮೊದಲ ವಾರ ಪೆಟ್ರೊನಿಲ್ಲಾ ಕುರ್ಚಿಯ ತುದಿಯಲ್ಲಿ ಕೂತಳು. ಮೂರನೇ ತಿಂಗಳಿಗೆ ಬೆನ್ನು ಆನಿಸಿ ಕೂತಳು. ದಿನಕ್ಕೆ ಹದಿನೈದು ನಿಮಿಷ, ಬಿಸಿ ಚಹಾ, ಎದುರಿಗೆ ಆ ಹೆಂಗಸು. ಇಬ್ಬರೂ ಮಾತಾಡುತ್ತಿರಲಿಲ್ಲ. ಮೂವರೂ ಅನ್ನಬೇಕು.

ಮಾರ್ಚಿನಲ್ಲಿ ಅಜ್ಜಿ ತೀರಿಕೊಂಡಳು. ಅವಳ ಮಗಳು ಒಂದು ಕವರು ತಂದು ಕೊಟ್ಟಳು: ಅಮ್ಮನ ನಡುಗುವ ಅಕ್ಷರ, ಕೆಳಗೆ ತನ್ನ ಸಹಿ, ಚಿತ್ರ ಸಿಸ್ಟರ್ ಪೆಟ್ರೊನಿಲ್ಲಾಳಿಗೆ ಸೇರತಕ್ಕದ್ದು ಎಂದು. ಪೆಟ್ರೊನಿಲ್ಲಾ ಅದನ್ನು ತನ್ನ ಡ್ಯೂಟಿ ಚೀಲದ ಅಡಿಯಲ್ಲಿ, ಬಿಪಿ ನೋಡುವ ಉಪಕರಣದ ಕೆಳಗೆ ಇಟ್ಟಳು. ಆ ಚೀಲವನ್ನು ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. “ರೋಗದ ಚೀಲ ಒಳಗೆ ತರಬೇಡ” ಎಂದು ಅತ್ತೆ ಬಂದ ದಿನವೇ ಅದಕ್ಕೆ ಬಾಗಿಲ ಹೊರಗೆ, ಚಪ್ಪಲಿ ಸ್ಟ್ಯಾಂಡಿನ ಕೆಳಗೆ, ಜಾಗ ತೋರಿಸಿದ್ದರು.

ಮನೆಯ ಒಳಗೆ ಚಿತ್ರಕ್ಕೆ ಜಾಗ ಇರಲಿಲ್ಲ. ಹಾಲಿಗೆ ನಾಲ್ಕು ಗೋಡೆ. ಒಂದರಲ್ಲಿ ಕಿಟಕಿ, ಎಸಿ. ಇನ್ನೊಂದರಲ್ಲಿ ಎರಡು ಬಾಗಿಲು. ಮೂರನೆಯದು ಟಿವಿಯದು, ಅಂದರೆ ಹ್ಯೂಬರ್ಟನದು. ನಾಲ್ಕನೆಯದು ದೇವರದು: ಯೇಸುವಿನ ಪವಿತ್ರ ಹೃದಯದ ಪಟ, ಕೆಳಗೆ ಕೆಂಪು ಬಲ್ಬು, ಪಕ್ಕದಲ್ಲಿ ಸಂತ ಅಂತೋನಿ.

“ಟಿವಿ ಸ್ವಲ್ಪ ಆಚೆ ಸರಿಸಿದರೆ ಆಗ್ತದೆ” ಎಂದಳು ಪೆಟ್ರೊನಿಲ್ಲಾ.

“ಟಿವಿ ಸರಿಸಿದರೆ ಕೇಬಲ್ ಎಲ್ಲಿ ಹೋಗ್ಬೇಕು?”

“ಕೇಬಲ್ ಉದ್ದದ್ದು ಸಿಗ್ತದೆ.”

“ನಿನಗೆ ಎಲ್ಲ ಸುಲಭ” ಎಂದ ಹ್ಯೂಬರ್ಟ್, ಮತ್ತು ಚಿತ್ರ ಸೋಫಾದ ಹಿಂದೆ ಹೋಯಿತು. ಮಾತು ಅಲ್ಲಿಗೆ ಮುಗಿಯಿತು. ಆ ಮನೆಯಲ್ಲಿ ಮಾತು ಸಾಮಾನ್ಯವಾಗಿ ಹ್ಯೂಬರ್ಟ್ ಎದ್ದು ರಿಮೋಟ್ ಹುಡುಕಲು ಹೋದಾಗ ಮುಗಿಯುತ್ತಿತ್ತು.

“ಪೆಟ್ರಾ, ರಿಮೋಟ್ ಎಲ್ಲಿ?”

“ನಿನ್ನ ದಿಂಬಿನ ಕೆಳಗೆ.”

ಇದೊಂದು ಪ್ರತ್ಯೇಕ ವಿಷಯ. ಮೂರು ಕೋಣೆಯ ಆ ಮನೆಯಲ್ಲಿ ಯಾವ ವಸ್ತು ಎಲ್ಲಿದೆ ಎಂದು ಪೆಟ್ರೊನಿಲ್ಲಾಳಿಗೆ ಮಾತ್ರ ಗೊತ್ತು ಎಂಬುದು ಎಂದೋ ಒಪ್ಪಿತವಾದ ಸಂಗತಿ. ಹ್ಯೂಬರ್ಟನಿಗೆ ಸೀಫ್‌ನ ಶಿಪ್ಪಿಂಗ್ ಕಂಪೆನಿಯ ಕಾಗದಪತ್ರ ವಿಭಾಗದಲ್ಲಿ ಕೆಲಸ. ಎಂಟು ವರ್ಷ ಹಿಂದಿನ ಕಂಟೇನರಿನ ರಸೀದಿಯನ್ನು ಎರಡು ನಿಮಿಷದಲ್ಲಿ ತೆಗೆದುಕೊಡುವವನು ಎಂದು ಅಲ್ಲಿ ಹೆಸರು. ಮನೆಯಲ್ಲಿ ಅವನು ನೇಲ್ ಕಟರ್‌ಗಾಗಿ ಡ್ಯೂಟಿಯಲ್ಲಿದ್ದ ಹೆಂಡತಿಗೆ ಫೋನ್ ಮಾಡುತ್ತಿದ್ದ. ಅವಳು ರೋಗಿಯ ಹಾಸಿಗೆ ಪಕ್ಕ ನಿಂತು, ಭುಜ ಮತ್ತು ಕಿವಿಯ ನಡುವೆ ಫೋನ್ ಸಿಕ್ಕಿಸಿ, “ಟಿವಿ ಕೆಳಗೆ, ಎರಡನೇ ಡ್ರಾವರ್, ಬ್ಯಾಟರಿ ಡಬ್ಬದ ಹಿಂದೆ” ಎನ್ನುತ್ತಿದ್ದಳು. ನತಾಶಾಳ ಚಾರ್ಜರ್, ಅತ್ತೆಯ ಮೊಣಕಾಲಿನ ಎಣ್ಣೆ, ಎಲ್ಲರ ಸಿಪಿಆರ್ ಗುರುತಿನ ಕಾರ್ಡು. ಕೇಳುವವರು ಕೇಳುತ್ತಿದ್ದರು, ಅವಳು ಹೇಳುತ್ತಿದ್ದಳು. ಎಲ್ಲಿಡೋಣ ಎಂದು ಅವಳನ್ನು ಯಾರೂ ಕೇಳಿದ್ದಿಲ್ಲ. ಎಲ್ಲಿದೆ ಎಂದು ಮಾತ್ರ.

ಈಸ್ಟರ್ ಕಳೆದು ಎರಡನೇ ವಾರ. ಪೆಟ್ರೊನಿಲ್ಲಾ ಸಂಜೆ ಮನೆಗೆ ಬಂದು ಚೀಲ ಹೊರಗಿಟ್ಟು ಒಳಗೆ ಕಾಲಿಟ್ಟಳು. ದೇವರ ಗೋಡೆಯಲ್ಲಿ ಪವಿತ್ರ ಹೃದಯ ಎಡಕ್ಕೆ ಸರಿದಿತ್ತು, ಸಂತ ಅಂತೋನಿ ಫ್ರಿಜ್ಜಿನ ಮೇಲೆ ಹೋಗಿದ್ದರು. ನಡುವೆ, ಪ್ಲಾಸ್ಟಿಕ್ ಮಲ್ಲಿಗೆಯ ಮಾಲೆ ಹಾಕಿಕೊಂಡು, ಕೆಂಪು ಬಲ್ಬಿನ ಬೆಳಕಿನಲ್ಲಿ, ಬಟಾಟೆಯ ಹೆಂಗಸು.

“ಮಾಂಯ್, ಇದೆಂತ?”

“ದೇವರ ತಾಯಿಯನ್ನು ಸೋಫಾದ ಹಿಂದೆ ಇಡುದಾ?” ಎಂದರು ಕಾರ್ಮಿನ್ ಬಾಯಿ. “ಬ್ಯಾರಿಯನ್ನು ಕರೆಸಿ ಮೊಳೆ ಹೊಡೆಸಿದೆ. ದುಡ್ಡು ಬೇಡ ಅಂದರು, ಪಾಪ. ತಿನ್ಲಿಕ್ಕೆ ಎರಡು ಸಣ್ಣಸ್ ಕೊಟ್ಟೆ.”

“ದೇವರ ತಾಯಿ ಅಲ್ಲ ಮಾಂಯ್ ಅದು. ಯಾರೋ ಡಚ್ ಹೆಂಗಸು.”

“ನೀಲಿ ವಸ್ತ್ರ ನೋಡು. ಬೆಳಕು ನೋಡು, ಮೇಲಿಂದ ಬೀಳುದು. ನಜರೇತಿನ ಮನೆ ಅದು.”

“ಗ್ರ್ಯಾನಿ, ಬಟಾಟೆ ಅಮೆರಿಕಾದಿಂದ ಬಂದದ್ದು” ಎಂದಳು ನತಾಶಾ, ಫೋನಿನಿಂದ ಕಣ್ಣೆತ್ತದೆ. “ಜೀಸಸ್ ಆಗಿ ಸಾವಿರದೈನೂರು ವರ್ಷ ಆದ ಮೇಲೆ.”

“ದೇವರ ತಾಯಿಗೆ ಸಿಗದ ತರಕಾರಿ ಉಂಟಾ?” ಎಂದರು ಕಾರ್ಮಿನ್ ಬಾಯಿ.

ಅದು ಅಲ್ಲಿಗೆ ನಿಂತಿದ್ದರೆ ಪೆಟ್ರೊನಿಲ್ಲಾ ಸುಮ್ಮನಿರುತ್ತಿದ್ದಳೇನೋ. ಗೋಡೆ ಸಿಕ್ಕಿತಲ್ಲ, ಮಾಲೆ ಇದ್ದರೆ ಇರಲಿ. ಆದರೆ ಆ ಗುರುವಾರ ಮನೆಗಳನ್ನು ಆಶೀರ್ವದಿಸುತ್ತ ಫಾದರ್ ಬಂದರು. ಮೂರನೇ ಮಹಡಿ ಹತ್ತಿ ಸುಸ್ತಾಗಿ, ಪ್ರಾರ್ಥನೆ ಹೇಳಿ, ಹಾಲಿನ ಸುತ್ತ ಪವಿತ್ರ ನೀರು ಚಿಮುಕಿಸಿ, ಚಹಾ ಕುಡಿದು ಹೋದರು. ನಾಲ್ಕು ಹನಿ ನೀಲಿ ವಸ್ತ್ರದ ಮೇಲೆ ಬಿತ್ತು. ಕಾರ್ಮಿನ್ ಬಾಯಿ ಅದನ್ನು ಕಣ್ಣಾರೆ ನೋಡಿದರು, ಪಕ್ಕದ ಫ್ಲಾಟಿನವರಿಗೂ ಹೇಳಿದರು. ಮೇ ತಿಂಗಳು ದೇವರ ತಾಯಿ ಮರಿಯಮ್ಮನ ತಿಂಗಳು. ಬುಧವಾರ ಸಂಜೆಯ ತೇರ್ಸಿಗೆ, ಜಪಸರ ಹಿಡಿದು ಒಟ್ಟಿಗೆ ಮಾಡುವ ಆ ಪ್ರಾರ್ಥನೆಗೆ, ಮೊದಲ ವಾರ ನಾಲ್ಕು ಹೆಂಗಸರು ಬಂದರು. ಎರಡನೇ ವಾರ ಏಳು. ಎರಡನೇ ಮಹಡಿಯವಳ ಮಗನಿಗೆ ನಿಂತುಹೋಗಿದ್ದ ವೀಸಾ ಮಂಗಳವಾರ ಬಂತು, ಮೂರನೇ ವಾರ ಹನ್ನೊಂದು ಜನ.

ಏಳು ಗಂಟೆಗೆ ಡ್ಯೂಟಿ ಮುಗಿಸಿ ಬಂದರೆ ಬಾಗಿಲಲ್ಲಿ ಇಪ್ಪತ್ತೆರಡು ಚಪ್ಪಲಿ. ಅವುಗಳನ್ನು ದಾಟಿ ಅಡುಗೆಮನೆಗೆ ಹೋಗಿ ಪೆಟ್ರೊನಿಲ್ಲಾ ಹನ್ನೊಂದು ಕಪ್ಪು ಚಹಾ ಇಡುತ್ತಿದ್ದಳು.

“ಸಿಸ್ಟರ್, ನಿಮ್ಮ ಪುಣ್ಯ” ಎನ್ನುತ್ತಿದ್ದಳು ಎರಡನೇ ಮಹಡಿಯವಳು, ಕಪ್ಪು ತೆಗೆದುಕೊಳ್ಳುತ್ತ. “ದಿನಾ ಇವಳ ಮುಖ ನೋಡ್ಬಹುದು.”

ಪೆಟ್ರೊನಿಲ್ಲಾ ತಟ್ಟೆ ಹಿಡಿದು ನಿಂತಲ್ಲಿಂದ ಆ ಮುಖ ನೋಡಿದಳು. ಹನ್ನೊಂದು ತಲೆಗಳ ಮೇಲಿಂದ ಅವಳಿಗೆ ಕಂಡದ್ದು ಹಣೆಯ ಒಂದು ತುಂಡು ಮಾತ್ರ.

ಶುಕ್ರವಾರ ಅವಳಿಗೆ ರಜೆ. ಮಧ್ಯಾಹ್ನ ಊಟವಾದ ಮೇಲೆ, ನಾಲ್ಕು ಗಂಟೆಗೆ, ಹಾಲಿನಲ್ಲಿದ್ದ ಒಂದೇ ಒಂದು ಬೆತ್ತದ ಕುರ್ಚಿಯನ್ನು ನೋಡಿದಳು. ಅದರ ಮೇಲೆ ಯಾವಾಗಲೂ ಇಸ್ತ್ರಿಗೆ ಕಾಯುವ ಬಟ್ಟೆ. ಬಟ್ಟೆ ಎತ್ತಿ ಹಾಸಿಗೆಗೆ ಹಾಕಿ, ಚಹಾ ತಂದು ಕೂತಳು. ಒಂದು ಗುಟುಕು ಕುಡಿದಿದ್ದಳು.

“ಕೂತಿದ್ದಿಯಲ್ಲ, ಒಂದು ತೇರ್ಸ್ ಆದರೂ ಹೇಳು” ಎಂದು ಅತ್ತೆ ಜಪಸರ ಕೈಗಿಟ್ಟರು.

“ಮಮ್ಮಿ, ಒಂಚೂರು ಆಚೆ. ಪ್ಲೀಸ್. ರೀಲ್ ಮಾಡ್ತಿದ್ದೇನೆ” ಎಂದಳು ನತಾಶಾ.

ಹಿಂದಿನಿಂದ ಹ್ಯೂಬರ್ಟ್ ಅಳತೆಯ ಟೇಪು ಹಿಡಿದು ಬಂದ. “ಏಳು ಮಾರಾಯ್ತಿ, ಅಗಲ ನೋಡ್ಬೇಕು.”

ಅಗಲ ಯಾಕೆ ಎಂಬುದು ರಾತ್ರಿ ಊಟಕ್ಕೆ ಕೂತಾಗ ಗೊತ್ತಾಯಿತು. ಮೊಯ್ದು ಮೊಳೆ ಹೊಡೆಯಲು ಬಂದಿದ್ದ ದಿನ ಹ್ಯೂಬರ್ಟನ ಕಿವಿಯಲ್ಲಿ ಒಂದು ಮಾತು ಹಾಕಿ ಹೋಗಿದ್ದ: ಇದು ಪ್ರಿಂಟ್ ಅಲ್ಲ, ಕೈಯಲ್ಲಿ ಬರೆದದ್ದು, ಮೂವತ್ತು ವರ್ಷ ಫ್ರೇಮ್ ಹಾಕಿದ ಕೈ ತನ್ನದು, ಗೊತ್ತಾಗ್ತದೆ. ಹ್ಯೂಬರ್ಟ್ ಸಹಿಯನ್ನು ದೊಡ್ಡದು ಮಾಡಿ ಫೋಟೋ ತೆಗೆದು ಹುಡುಕಿದ. ಯೂಸ್ಟ್ ಫಾನ್ ಲೀರ್ಸುಮ್ ಎಂಬ ಚಿತ್ರಕಾರ. ಅವನ ಇನ್ನೊಂದು ಅಡುಗೆಮನೆಯ ಚಿತ್ರ ಹರಾಜಿನಲ್ಲಿ ಹೋದ ಬೆಲೆ ನೋಡಿದ ಮೇಲೆ ಹ್ಯೂಬರ್ಟನಿಗೆ ಚಿತ್ರದಲ್ಲಿ ಬೇರೇನೋ ಕಾಣತೊಡಗಿತು. ಊರಿನ ಕಡೆ, ಬೆಂದೂರಿನಲ್ಲಿ, ಚರ್ಚಿಗೆ ನಡೆದು ಹೋಗುವಷ್ಟು ಹತ್ತಿರ ಒಂದು ಫ್ಲಾಟ್ ಕಾಣತೊಡಗಿತು.

“ಶೆಲ್ಡನ್ ಅಂತ, ನಮ್ಮ ಕಡೆಯವನೇ. ಹೋಟೆಲುಗಳ ಒಳಗೆಲ್ಲ ಅಲಂಕಾರ ಮಾಡುವ ಕಂಟ್ರಾಕ್ಟು. ಸೀಫ್‌ನಲ್ಲಿ ಹೊಸ ಹೋಟೆಲಿನ ಲಾಬಿಗೆ ಇಂಥದ್ದೇ ಬೇಕಂತೆ” ಎಂದ ಹ್ಯೂಬರ್ಟ್, ಸಾಫಿ ಮೀನಿನ ಮುಳ್ಳು ಬಿಡಿಸುತ್ತ. “ಮುಂದಿನ ಶುಕ್ರವಾರ ನೋಡ್ಲಿಕ್ಕೆ ಬರ್ತಾನೆ.”

“ಬೇಡ” ಎಂದಳು ಪೆಟ್ರೊನಿಲ್ಲಾ.

“ನೋಡ್ಲಿಕ್ಕೆ ಮಾತ್ರ.”

“ನೋಡ್ಲಿಕ್ಕೂ ಬೇಡ. ಮಾರ್ಲಿಕ್ಕೆ ಇಲ್ಲ ಅದು.”

“ಬೇಡ ಅಂತಲೇ ಇಟ್ಕೊಳ್ಳುವ. ಅವನು ಎಷ್ಟು ಹೇಳ್ತಾನೆ ಕೇಳುವ, ಆಮೇಲೆ ಬೇಡ ಅನ್ನುವ.” ಪೆಟ್ರೊನಿಲ್ಲಾ ಬೇಡ ಎಂದರೆ ಹ್ಯೂಬರ್ಟನಿಗೆ ಅದು ಚೌಕಾಸಿಯ ಮೊದಲ ಮಾತಿನಂತೆ ಕೇಳುತ್ತಿತ್ತು.

“ಆಶೀರ್ವಾದ ಆದದ್ದನ್ನು ಮಾರುದಾ?” ಎಂದರು ಕಾರ್ಮಿನ್ ಬಾಯಿ, ಚಮಚ ಕೆಳಗಿಟ್ಟು. “ಮೂವತ್ತು ಬೆಳ್ಳಿ ನಾಣ್ಯಕ್ಕೆ ಒಬ್ಬ ಮಾರಿದ್ದ. ಹೆಸರು ಗೊತ್ತುಂಟಲ್ಲ ನಿನಗೆ.”

“ಮಾಂಯ್, ನನ್ನನ್ನು ಜುದಾಸ್ ಅಂತಿದ್ದೀರಾ, ಊಟದ ಹೊತ್ತಲ್ಲಿ?”

“ನಾನು ಹೆಸರು ಹೇಳ್ಲಿಲ್ಲ. ನೀನೇ ಹೇಳಿದ್ದು.”

ಹ್ಯೂಬರ್ಟ್ ಕೈ ತೊಳೆದು ಫಾದರ್‌ಗೆ ಫೋನ್ ಮಾಡಿದ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿನಲ್ಲಿ. ಆಶೀರ್ವಾದವಾದ ಚಿತ್ರ ಮಾರಬಹುದೇ ಎಂದು ಕೇಳಿದ.

“ಹ್ಯೂಬರ್ಟ್, ಮರ, ಬಣ್ಣ ಮಾರಬಹುದು. ಆಶೀರ್ವಾದಕ್ಕೆ ಬೆಲೆ ಕಟ್ಟುವ ಹಾಗಿಲ್ಲ.”

“ಅದನ್ನೇ ನಾನು ಹೇಳಿದ್ದು ಫಾದರ್. ಆಶೀರ್ವಾದ ನಾವು ಇಟ್ಕೊಳ್ತೇವೆ, ಚಿತ್ರ ಕೊಡ್ತೇವೆ.”

“ಹೇಗೆ ಬೇರೆ ಮಾಡ್ತಿ?” ಎಂದರು ಕಾರ್ಮಿನ್ ಬಾಯಿ ಫೋನಿನ ಕಡೆ ಬಾಗಿ. “ಹಾಲಿಗೆ ಹಾಕಿದ ನೀರು ಬೇರೆ ಮಾಡುದುಂಟಾ?”

“ನಾನು ಇಡೀ ಮನೆಗೆ ನೀರು ಹಾಕಿದ್ದು ಬಾಯಿ” ಎಂದರು ಫಾದರ್, ದಣಿದ ದನಿಯಲ್ಲಿ. “ಟಿವಿಗೂ ಬಿದ್ದಿರಬಹುದು.”

“ಹಾಗಾದ್ರೆ ಟಿವಿನೂ ಮಾರೋ ಹಾಗಿಲ್ಲ ಪಪ್ಪಾ” ಎಂದಳು ನತಾಶಾ. ಹ್ಯೂಬರ್ಟ್ ಫೋನ್ ಕಟ್ ಮಾಡಿದ.

ಪೆಟ್ರೊನಿಲ್ಲಾ ತಟ್ಟೆಗಳನ್ನು ಎತ್ತಿದಳು. ಅವಳ ಹೆಸರಿಗೆ ಬಂದ ಚಿತ್ರದ ಬಗ್ಗೆ ಅವಳ ಗಂಡ, ಅತ್ತೆ, ಮಗಳು, ಒಬ್ಬ ಪಾದ್ರಿ, ನಾಲ್ವರೂ ಅಭಿಪ್ರಾಯ ಹೇಳಿಯಾಗಿತ್ತು. ತೊಳೆಯುವುದು ಮಾತ್ರ ಉಳಿದಿತ್ತು.

ಆ ವಾರ ಎರಡನೇ ಸಲ ಬೇಡ ಎಂದಳು, ಕಾರಿನಲ್ಲಿ. “ಹ್ಯೂಬರ್ಟ್, ಆ ಅಜ್ಜಿ ಅದನ್ನು ನನಗೆ ಕೊಟ್ಟದ್ದು.”

“ನಿನಗೆ ಅಂದರೆ ನಮಗೆ ಅಲ್ವಾ? ನನ್ನ ಸಂಬಳ ನನಗೆ ಅಂತ ನಾನು ಯಾವಾಗಾದರೂ ಹೇಳಿದ್ದುಂಟಾ? ಮತ್ತೆ ನೀನು ಮನೆಯಲ್ಲಿ ಇರುದೇ ಇಲ್ಲ. ಯಾವಾಗ ನೋಡ್ತಿ ಅದನ್ನು?”

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಅವಳಿಗೆ ಹೆಚ್ಚು ಸಿಟ್ಟು ಬಂತು.

ಮೂರನೇ ಸಲ ಬೇಡ ಎನ್ನುವ ಹೊತ್ತಿಗೆ ಹ್ಯೂಬರ್ಟ್ ಹಲ್ಲುಜ್ಜುತ್ತಿದ್ದ. ಅವನು ತಲೆಯಾಡಿಸಿದ. ಅದು ಆಗಲಿ ಎಂದೋ ಆಗುವುದಿಲ್ಲ ಎಂದೋ ನೊರೆಯಲ್ಲಿ ಗೊತ್ತಾಗಲಿಲ್ಲ.

ಈ ನಡುವೆ ನತಾಶಾ ಒಂದು ಪತ್ತೇದಾರಿ ಕೆಲಸ ಮಾಡಿದ್ದಳು. ಬುಧವಾರದ ತೇರ್ಸು ಮುಗಿದು ಎಲ್ಲರೂ ಹೋದ ಮೇಲೆ, ಗಂಜಿ ಉಣ್ಣುತ್ತಿದ್ದ ಅಜ್ಜಿಯ ಮುಂದೆ ಫೋನ್ ಹಿಡಿದಳು. “ಗ್ರ್ಯಾನಿ, ಕೇಳಿ. ಆ ಆರ್ಟಿಸ್ಟ್ ಹತ್ರ ಮಾಡೆಲ್‌ಗೆ ಕೊಡ್ಲಿಕ್ಕೆ ದುಡ್ಡು ಇರ್ಲಿಲ್ಲ. ಮನೆಯ ಅಡುಗೆಯವಳನ್ನೇ ಎಂಟು ಸಲ ಪೇಂಟ್ ಮಾಡಿದ್ದಾನೆ. ಕೆಲಸ ಮಾಡುದಕ್ಕಿಂತ ಸುಮ್ಮನೆ ಕೂರುದೇ ಕಷ್ಟ ಅಂತ ಅವಳು ಹೇಳ್ತಿದ್ದಳಂತೆ. ನೀವೆಲ್ಲ ಒಂದು ಕುಕ್‌ಗೆ ತೇರ್ಸ್ ಮಾಡ್ತಿದ್ದೀರಿ.”

ಕಾರ್ಮಿನ್ ಬಾಯಿ ಉಪ್ಪಿನಕಾಯಿ ನೆಕ್ಕಿದರು. “ಮತ್ತೆ? ಮರಿಯಮ್ಮ ಎಂತ, ಹೋಟೆಲಿಂದ ತರಿಸ್ತಿದ್ದರಾ?”

ಅಡುಗೆಮನೆಯಲ್ಲಿ ಚಹಾದ ಕಪ್ಪು ತೊಳೆಯುತ್ತಿದ್ದ ಪೆಟ್ರೊನಿಲ್ಲಾ ಮಗಳನ್ನು ಕರೆದಳು. “ಎಂತ ಹೇಳ್ತಿದ್ದಳಂತೆ ಅವಳು? ಇನ್ನೊಮ್ಮೆ ಹೇಳು.”

“ಕೂರುದೇ ಕಷ್ಟ ಅಂತ. ಯಾಕೆ ಮಮ್ಮಿ?”

“ಸುಮ್ಮನೆ” ಎಂದಳು. ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕೂತು, ಚೀಲದಲ್ಲಿ ಕೈಹಾಕಿ, ಬಿಪಿ ಉಪಕರಣದ ಕೆಳಗೆ ಕವರು ಇದೆಯೇ ಎಂದು ಮುಟ್ಟಿ ನೋಡಿದಳು. ತಲೆ ಎತ್ತಿದರೆ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಬಿಸ್ಕಿಟ್ ತಗೊಂಡಿದ್ದಿಯಾ?” ಎಂದು ಮಾತ್ರ ಕೇಳಿದರು.

ಶುಕ್ರವಾರ ಶೆಲ್ಡನ್ ಸರಿಯಾಗಿ ನಾಲ್ಕಕ್ಕೆ ಬಂದ. ತೆಳು ಗಡ್ಡ, ಸುಗಂಧ, ಸಾಕ್ಸಿಲ್ಲದ ಶೂ. ಅದನ್ನು ಕಳಚಿ ಸ್ಟ್ಯಾಂಡಿನಲ್ಲಿ ಇಟ್ಟು ಒಳಗೆ ಬಂದ. ಕೆಳಗೆ ವ್ಯಾನ್ ನಿಂತಿತ್ತು, ಮಡಚಿದ ಕಂಬಳಿಗಳ ಸಮೇತ. ನೋಡಲಿಕ್ಕೆ ಮಾತ್ರ ಬರುವವರು ವ್ಯಾನ್ ತರುವುದಿಲ್ಲ ಎಂದು ಪೆಟ್ರೊನಿಲ್ಲಾಳಿಗೆ ಕಿಟಕಿಯಿಂದಲೇ ಗೊತ್ತಾಗಿತ್ತು.

“ಇದಾ ಆಂಟಿ?” ಎಂದ ಶೆಲ್ಡನ್. ಮಾಲೆಯನ್ನು ಎರಡು ಬೆರಳಲ್ಲಿ ಎತ್ತಿ ಸಹಿ ನೋಡಿದ. ಮೊಬೈಲಿನ ದೀಪ ಹಾಕಿ ಬಣ್ಣ ನೋಡಿದ. ಮೊದಲ ಬಾರಿಗೆ ಅವನ ಮುಖದಿಂದ ಹೋಟೆಲಿನ ನಗು ಹೋಯಿತು. “ಒರಿಜಿನಲ್. ಲಾಬಿಯಲ್ಲಿ ರಿಸೆಪ್ಶನ್ ಹಿಂದೆ ಹಾಕ್ತೇನೆ. ಚೆಕ್ ಇನ್ ಮಾಡುವವರು ನೋಡ್ತಾರೆ.”

“ಅವಳು ಯಾರನ್ನೂ ನೋಡುದಿಲ್ಲ” ಎಂದಳು ಪೆಟ್ರೊನಿಲ್ಲಾ. ಯಾರೂ ಕೇಳಿಸಿಕೊಳ್ಳಲಿಲ್ಲ.

“ಭಾನುವಾರ ಲಾಬಿ ಅವರಿಗೆ ಒಪ್ಪಿಸ್ಬೇಕು ಅಂಕಲ್. ಇವತ್ತೇ ತಗೊಂಡು ಹೋಗ್ತೇನೆ. ಒಂದೇ ವಿಷಯ, ಇದು ನಿಮ್ಮದು ಅಂತ ಕಾಗದ ಬೇಕು. ಹೋಟೆಲಿನವರು ಬಿಲ್ಲು, ಪತ್ರ ಏನೂ ಇಲ್ಲದ್ದು ಮುಟ್ಟುದಿಲ್ಲ.”

“ಪತ್ರ ಉಂಟಲ್ಲ” ಎಂದ ಹ್ಯೂಬರ್ಟ್, ಗೆದ್ದವನ ಹಾಗೆ. “ಆ ಅಜ್ಜಿಯ ಮಗಳು ಸಹಿ ಹಾಕಿ ಕೊಟ್ಟದ್ದು. ಪೆಟ್ರಾ, ಪತ್ರ ಎಲ್ಲಿ?”

ಪೆಟ್ರೊನಿಲ್ಲಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಅತಿಥಿಗೆಂದು ತಂದ ಚಹಾ. ಕೆಂಪು ಬಲ್ಬು ಉರಿಯುತ್ತಿತ್ತು. ಪವಿತ್ರ ಹೃದಯ ಎಡದಿಂದ ನೋಡುತ್ತಿತ್ತು. ಉತ್ತರ ನಾಲಿಗೆಯ ತುದಿಗೆ ತಾನಾಗಿಯೇ ಬಂದಿತ್ತು, ಬಾಗಿಲ ಹೊರಗೆ, ಚಪ್ಪಲಿ ಸ್ಟ್ಯಾಂಡಿನ ಕೆಳಗೆ, ಬಿಪಿ ಉಪಕರಣದ ಅಡಿಯಲ್ಲಿ ಎಂದು. ಇಪ್ಪತ್ತು ವರ್ಷದ ಅಭ್ಯಾಸ.

“ಗೊತ್ತಿಲ್ಲ” ಎಂದಳು.

ನತಾಶಾ ಫೋನಿನಿಂದ ಕಣ್ಣೆತ್ತಿದಳು.

“ಗೊತ್ತಿಲ್ಲ ಅಂದರೆ?” ಎಂದ ಹ್ಯೂಬರ್ಟ್. ಆ ಮಾತು ಅವಳ ಬಾಯಿಂದ ಬರಬಹುದು ಎಂದು ಅವನು ಎಣಿಸಿರಲಿಲ್ಲ.

“ಎಲ್ಲೋ ಇಟ್ಟಿದ್ದೇನೆ. ಎಲ್ಲಿ ಅಂತ ಗೊತ್ತಿಲ್ಲ.”

“ನಿನಗೆ?”

“ನನಗೆ.”

ಹ್ಯೂಬರ್ಟ್ ಶೆಲ್ಡನ್‌ನತ್ತ ನಕ್ಕು, “ಐದು ನಿಮಿಷ” ಎಂದ. ಮೊದಲು ಟಿವಿ ಕೆಳಗಿನ ಡ್ರಾವರುಗಳು. ಆಮೇಲೆ ಕಪಾಟು. ಆಮೇಲೆ ಹಾಸಿಗೆಯ ಕೆಳಗಿನ ಸೂಟ್‌ಕೇಸು. ನತಾಶಾಳನ್ನೂ ಎಬ್ಬಿಸಿದ. ಸೋಫಾದ ಮೇಲೆ ಸಾಮಾನು ಬೆಳೆಯತೊಡಗಿತು: ಮೂರು ಕೊಡೆ, ಮದುವೆಯ ಸರ್ಟಿಫಿಕೇಟು, ಹಳೆಯ ಬಾಡಿಗೆ ಒಪ್ಪಂದಗಳು, ಒಂದು ಪುಟ್ಟ ಡಬ್ಬದಲ್ಲಿ ನತಾಶಾಳ ಹಾಲುಹಲ್ಲು.

“ನೇಲ್ ಕಟರ್ ಇಲ್ಲಿ ಇಡುದಾ?” ಎಂದು ಒಳಗಿನಿಂದ ಹ್ಯೂಬರ್ಟನ ದನಿ ಬಂತು. ಹೊಸ ದ್ವೀಪ ಕಂಡ ನಾವಿಕನ ದನಿ.

ಶೆಲ್ಡನ್ ಎರಡು ಸಲ ಗಡಿಯಾರ ನೋಡಿದ. ಪೆಟ್ರೊನಿಲ್ಲಾ ಬೆತ್ತದ ಕುರ್ಚಿಯ ಮೇಲಿನ ಬಟ್ಟೆಯನ್ನು ಸೋಫಾದ ರಾಶಿಗೇ ಸೇರಿಸಿದಳು. ಚಿತ್ರದ ಎದುರು ಕುರ್ಚಿ ತಿರುಗಿಸಿ ಕೂತಳು. ಶೆಲ್ಡನ್‌ಗೆ ತಂದ ಚಹಾ ಇನ್ನೂ ಅವಳ ಕೈಯಲ್ಲೇ ಇತ್ತು. ಅದನ್ನು ತಾನೇ ಕುಡಿದಳು. ಬಿಸಿಯಾಗಿತ್ತು.

ಕಾಲು ಗಂಟೆ ಹೀಗೇ ನಡೆಯಿತು. ಹ್ಯೂಬರ್ಟ್ ಕೊನೆಗೆ ಬಾಗಿಲ ಹೊರಗೂ ಹೋದ. ಅಲ್ಲಿ ಕಾರ್ಮಿನ್ ಬಾಯಿ ಜಪಸರ ಹಿಡಿದು ಆಗಲೇ ಗಾಳಿಗೆಂದು ನಿಂತಿದ್ದರು. ಮೇ ತಿಂಗಳ ಕೊನೆಯಲ್ಲಿ ಆ ಮೆಟ್ಟಿಲಲ್ಲಿ ಗಾಳಿ ಎಂಬುದು ಇರಲಿಲ್ಲ.

“ಈ ಸ್ಟ್ಯಾಂಡಿನಲ್ಲಿ ಏನಾದರೂ…” ಎಂದು ಹ್ಯೂಬರ್ಟ್ ಬಾಗಿದ.

ಕಾರ್ಮಿನ್ ಬಾಯಿ ಕಾಲಿನಿಂದ ಚೀಲವನ್ನು ಗೋಡೆಯವರೆಗೆ ಒಳಗೆ ನೂಕಿದರು. “ರೋಗದ ಚೀಲ ಅದು. ಮುಟ್ಟಬೇಡ.”

“ಮಾಂಯ್, ನೀವು ಎಲ್ಲಾದರೂ ನೋಡಿದ್ದೀರಾ ಪತ್ರ?”

“ಪ್ರಾರ್ಥನೆಯಲ್ಲಿದ್ದೇನೆ. ಮಾತಾಡಿಸಬೇಡ” ಎಂದರು ಕಾರ್ಮಿನ್ ಬಾಯಿ, ಮತ್ತು ಅದು ಸುಳ್ಳಾಗದಿರಲೆಂದು ಕೂಡಲೇ ಒಂದು ನಮೋ ಮರಿಯೆ ಶುರು ಮಾಡಿದರು.

ಶೆಲ್ಡನ್ ಹೊರಗೆ ಬಂದು ಶೂ ಹಾಕಿಕೊಂಡ. “ಪರವಾಗಿಲ್ಲ ಅಂಕಲ್. ಗೋಡೌನಿನಲ್ಲಿ ಒಂದು ಒಂಟೆಯ ಚಿತ್ರ ಉಂಟು, ಅದನ್ನೇ ಹಾಕ್ತೇನೆ. ಕಾಗದ ಸಿಕ್ಕಿದರೆ ಫೋನ್ ಮಾಡಿ.” ಕೆಳಗೆ ವ್ಯಾನ್ ಹೊರಟ ಸದ್ದು ಕೇಳಿತು, ಖಾಲಿ ಕಂಬಳಿಗಳ ಸಮೇತ.

ಹ್ಯೂಬರ್ಟ್ ಸಾಮಾನಿನ ನಡುವೆ ನಿಂತ. “ಆಫೀಸಲ್ಲಿ ಯಾರಾದರೂ ಹೀಗೆ ಇಟ್ಟಿದ್ದರೆ…” ಎಂದು ಶುರು ಮಾಡಿ, ಅರ್ಧಕ್ಕೆ ಬಿಟ್ಟು, ಚಹಾ ಮಾಡಿಕೊಳ್ಳಲು ಅಡುಗೆಮನೆಗೆ ಹೋದ. ಅದೂ ಹೊಸತೇ.

ಕಾರ್ಮಿನ್ ಬಾಯಿ ಒಳಗೆ ಬಂದು ಸೋಫಾದಲ್ಲಿ ಕೊಡೆಗಳನ್ನು ಸರಿಸಿ ಸೊಸೆಯ ಪಕ್ಕ ಕೂತರು. ಇಬ್ಬರೂ ಚಿತ್ರ ನೋಡಿದರು.

“ಅವಳ ಕೈ ನೋಡಿದ್ದಿಯಾ?” ಎಂದರು ಅತ್ತೆ. “ಉಗುರಲ್ಲಿ ಮಣ್ಣು. ದೇವರ ತಾಯಿಯ ಪಟದಲ್ಲಿ ನಾನು ಎಲ್ಲಿಯೂ ನೋಡ್ಲಿಲ್ಲ ಹಾಗೆ.”

ಪೆಟ್ರೊನಿಲ್ಲಾ ತಿರುಗಿದಳು. “ಮತ್ತೆ ಮಾಲೆ ಯಾಕೆ ಹಾಕಿದ್ದು ಮಾಂಯ್?”

“ಇನ್ನೆಂತ ಮಾಡುದು? ನನ್ನ ಮಗ ಟಿವಿಯ ಗೋಡೆ ಕೊಡ್ತಿದ್ದನಾ?”

ಪೆಟ್ರೊನಿಲ್ಲಾಳಿಗೆ ನಗು ಬಂತು, ಅದರ ಹಿಂದೆಯೇ ಬುಧವಾರ ನೆನಪಾಯಿತು. “ಹನ್ನೊಂದು ಜನಕ್ಕೆ ಚಹಾ ನಾನು ಮಾಡುದಲ್ವಾ?”

“ಅದು ಹೌದು” ಎಂದು ಕಾರ್ಮಿನ್ ಬಾಯಿ ಒಪ್ಪಿದರು. “ಅಷ್ಟು ಜನ ಬರ್ತಾರೆ ಅಂತ ನಾನು ಎಣಿಸ್ಲಿಲ್ಲ. ಆ ಹುಡುಗನ ವೀಸಾ ಬಂದದ್ದೇ ತಪ್ಪಾಯ್ತು.”

“ಮುಂದಿನ ವಾರ ಅವರವರೇ ಮಾಡ್ಕೊಳ್ಳಲಿ.”

“ಹೇಳ್ತೇನೆ.” ಕಾರ್ಮಿನ್ ಬಾಯಿ ಮೊಣಕಾಲು ಒತ್ತಿಕೊಂಡರು. “ಆ ಬಟಾಟೆ ನೋಡು, ಅರ್ಧಕ್ಕೆ ಬಿಟ್ಟದ್ದು. ಒಳಗೆ ಯಾರಾದರೂ ಕರೀತಾ ಇದ್ದಾರೆ ಅವಳನ್ನು. ಖಂಡಿತ.”

“ಇರಬಹುದು” ಎಂದಳು ಪೆಟ್ರೊನಿಲ್ಲಾ. “ಅವಳು ಏಳುದಿಲ್ಲ.”

“ಪೆಟ್ರಾ” ಎಂದು ಅಡುಗೆಮನೆಯಿಂದ ಹ್ಯೂಬರ್ಟ್ ಕೂಗಿದ. “ಸಕ್ಕರೆ ಎಲ್ಲಿ?”

ಮೇಲಿನ ಸಾಲು, ಎಡದಿಂದ ಮೂರನೆಯದು, ಹಸಿರು ಮುಚ್ಚಳ.

“ಗೊತ್ತಿಲ್ಲ” ಎಂದಳು.

ಒಳಗೆ ಒಂದು ಡಬ್ಬದ ಮುಚ್ಚಳ ತೆರೆದ ಸದ್ದು ಬಂತು. ಸಾಸಿವೆ. ಇನ್ನೊಂದು. ಅದು ಬಫಾತ್ ಮಸಾಲೆ ಪುಡಿ ಇರಬೇಕು, ಸೀನು ಕೇಳಿಸಿತು. ಆಮೇಲೆ ಸ್ಟೂಲು ಎಳೆದ ಸದ್ದು, ಮೇಲಿನ ಸಾಲಿನ ಮೊದಲ ಡಬ್ಬ, ಎರಡನೆಯದು. ಪೆಟ್ರೊನಿಲ್ಲಾ ಬೆನ್ನು ಹಿಂದಕ್ಕೆ ಆನಿಸಿ ಮೂರನೆಯದಕ್ಕೆ ಕಾದಳು.